ಏಳನೆಯ ಪೆಟ್ಟು

ಒನಕೆ ನನ್ನ ಕಿರುಬೆರಳ ಮೇಲೆ ಬಿತ್ತು. ಆಗ ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿತ್ತು, ನಾನು ಸಿರುಗುಪ್ಪಕ್ಕೆ ಸೊಸೆಯಾಗಿ ಬಂದು ವರ್ಷವಾಗಿರಲಿಲ್ಲ. ಅತ್ತೆ ಮತ್ತು ಅವಳ ಹಿರಿಸೊಸೆ, ನನ್ನ ನೆಗೆಣ್ಣಿ, ಒಂದೇ ಒರಳಿನಲ್ಲಿ ಭತ್ತ ಕುಟ್ಟುತ್ತಿದ್ದರು. ಇಬ್ಬರೂ ಸೇರಿ ಆರು ಪೆಟ್ಟು ಹಾಕಿ ಏಳನೆಯದನ್ನು ಖಾಲಿ ಬಿಡಬೇಕು. ಆ ಖಾಲಿಯಲ್ಲಿ ನಾನು ಕೈ ಹಾಕಿ ಭತ್ತ ಮಗುಚಿ ಕೈ ಹಿಂದಕ್ಕೆ ತೆಗೆಯಬೇಕು. ಅದು ಆ ಮನೆಯ ರೂಢಿ.

ಅವತ್ತು ಮನೆಯ ಕಟ್ಟೆಯ ಮೇಲೆ, ಊರಿಗೆ ಬಂದಿದ್ದ ನಾಟಕದವರ ತಬಲಾ ಮಾಸ್ತರು ಕೂತಿದ್ದರು, ಬಳ್ಳಾರಿಯವರು. ಕುಟ್ಟುವ ಸದ್ದಿಗೆ ಖುಷಿಯಾಗಿ ಪಕ್ಕದಲ್ಲಿದ್ದ ತಾಮ್ರದ ಕೊಡ ತಟ್ಟತೊಡಗಿದರು. ಅವರು ತಟ್ಟಿದ್ದು ಎಂಟರ ಲೆಕ್ಕ. ನೆಗೆಣ್ಣಿಯ ಕಿವಿ ಅದರ ಹಿಂದೆ ಹೋಯಿತು. ಏಳಕ್ಕೂ ಒನಕೆ ಇಳಿಸಿಬಿಟ್ಟಳು.

ಬೆರಳಿಗೆ ಅರಿಶಿನ ಕಟ್ಟುತ್ತ ಅತ್ತೆ ಬೈದಳು: “ಮಾಸ್ತರ, ನಿಮ್ಮ ಎಂಟು ನಾಟಕದಾಗ ಇಟ್ಕೊಳ್ರಿ. ಇಲ್ಲಿ ಏಳಕ್ಕ ನನ್ನ ಸೊಸಿ ಕೈ ಇರತೈತಿ.”

ಮಾಸ್ತರು ತಲೆ ತಗ್ಗಿಸಿದರು. “ತಪ್ಪಾತವ್ವಾ. ಏಳರ ತಾಳ ಹಿಡ್ಯಾಕ ನನಗ ಎರಡು ವರ್ಷ ಬೇಕಾತು. ನಿಮಗ್ಯಾರು ಕಲಿಸಿದ್ರು?”

“ಕಲಿಸಾಕ ಯಾರು ಬೇಕು? ತಪ್ಪಿದ್ರ ಬೆರಳು ಹೋಗತೈತಿ,” ಎಂದಳು ಅತ್ತೆ.

ಬೆರಳು ಸೊಟ್ಟಗೇ ಕೂಡಿಕೊಂಡಿತು. ಗಾಯ ಒಣಗಿದ ಮೇಲೆ ಅದೇ ಒರಳಿಗೆ ಮತ್ತೆ ಕೈ ಹಾಕಿದೆ, ಹಾಕದೆ ಗತಿ ಇರಲಿಲ್ಲ. ಈಗ ಭತ್ತ ಗಿರಣಿಗೆ ಹೋಗುತ್ತದೆ. ಆದರೂ ರೇಡಿಯೋದಲ್ಲಿ ತಬಲಾ ಬಂದರೆ ನಾನು ಹಾಡು ಕೇಳುವುದಿಲ್ಲ, ಪೆಟ್ಟು ಎಣಿಸುತ್ತೇನೆ. ಆರರ ಮೇಲೆ ಇನ್ನೊಂದು ಬಿದ್ದರೆ ಕೈ ತಾನೇ ಹಿಂದಕ್ಕೆ ಬರುತ್ತದೆ.