ಎಕ್ಕಂಬಿಯ ದಾಕ್ಷಾಯಿಣಿ ಮತ್ತು ನಮ್ಮ ಮನೆಯ ಮೋಟಾರು ಬಾಗಿಲು

ನನಗೆ ಹೊಗಳುವುದು ಬರುವುದಿಲ್ಲ. ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವನ ಬಾಯಲ್ಲಿ ಬೈಗುಳವೇ ಮೊದಲು ಬರುತ್ತದೆ, ಒಳ್ಳೆ ಮಾತು ಆಮೇಲೆ ನೆನಪಾದರೆ ಉಂಟು. ಆದರೂ ದಾಕ್ಷಾಯಿಣಿಯ ಬಗ್ಗೆ ನಾಲ್ಕು ಮಾತು ಬರೆಯದಿದ್ದರೆ ನನಗೆ ಸಮಾಧಾನವಿಲ್ಲ. ಆಕೆಗೆ ನಾನು ಬೈದದ್ದು ಯಲ್ಲಾಪುರದ ನಮ್ಮ ಕೇರಿಗೆಲ್ಲ ಕೇಳಿದೆ. ಆಕೆ ಮಾಡಿಕೊಟ್ಟದ್ದು ಏನೆಂದು ಮಾತ್ರ ಹೆಚ್ಚಿನವರಿಗೆ ಗೊತ್ತಿಲ್ಲ.

ಕಾರು ನಿಲ್ಲಿಸುವ ಶೆಡ್ಡುಗಳಿಗೆ ಮೋಟಾರಿನಿಂದ ಏಳುವ, ಇಳಿಯುವ ಬಾಗಿಲು ಕೂರಿಸುವುದು, ಕೆಟ್ಟರೆ ಸರಿಪಡಿಸುವುದು, ರಿಮೋಟಿಗೂ ಮೋಟಾರಿಗೂ ಪರಸ್ಪರ ಗುರುತು ಹಿಡಿಸುವುದು ದಾಕ್ಷಾಯಿಣಿಯ ಕೆಲಸ. ವಯಸ್ಸು ಮೂವತ್ತೈದರ ಆಸುಪಾಸು. ಅಪ್ಪ ಶಿವಲಿಂಗಪ್ಪ ಎಕ್ಕಂಬಿಯಲ್ಲಿ ಅಂಗಡಿ ಶಟರುಗಳಿಗೆ ವೆಲ್ಡಿಂಗ್ ಮಾಡುತ್ತಿದ್ದವರು. ಸ್ಪ್ರಿಂಗು ಬಿಗಿ ಮಾಡುವುದನ್ನು ಹುಡುಗಿ ಅಲ್ಲೇ ಕಲಿತಳು. ಆಮೇಲೆ ಐಟಿಐ, ಆಮೇಲೆ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಮೂರು ವರ್ಷ ದುಡಿಮೆ. ವಾಪಸು ಬಂದು ಶಿರಸಿಯಲ್ಲಿ ತನ್ನದೇ ಬೋರ್ಡು ಹಾಕಿದಾಗ, ಫೋನು ಮಾಡಿದವರೆಲ್ಲ "ಸ್ವಲ್ಪ ಮೇಸ್ತ್ರಿಗೆ ಕೊಡಮ್ಮ" ಅನ್ನುತ್ತಿದ್ದರಂತೆ. "ಮೇಸ್ತ್ರಿನ ಮಾತಾಡಾಕತ್ತೇನ್ರಿ, ಹೇಳ್ರಿ" ಅನ್ನುವುದು ಆಕೆಗೆ ರೂಢಿಯಾಗಿಬಿಟ್ಟಿತ್ತು.

ಸಿದ್ದಾಪುರದ ಕತೆಯನ್ನು ಆಕೆಯೇ ಒಮ್ಮೆ ಹೇಳಿದ್ದಳು. ಅಕ್ಕಪಕ್ಕದ ಎರಡು ಮನೆ, ಎರಡಕ್ಕೂ ಯಾರೋ ಒಂದೇ ನಮೂನೆಯ ಬಾಗಿಲು ಹಾಕಿಹೋಗಿದ್ದರು. ಒಬ್ಬರು ಕಾರು ತೆಗೆದರೆ ಇನ್ನೊಬ್ಬರ ಬಾಗಿಲು ಬಾಯಿ ಬಿಡುತ್ತಿತ್ತು. ಕಳ್ಳತನಕ್ಕೆ ಹೊಂಚು ಹಾಕುತ್ತಿದ್ದಾರೆಂದು ಇವರು, ಬೇಕೆಂದೇ ಹೆಸರು ಕೆಡಿಸುತ್ತಿದ್ದಾರೆಂದು ಅವರು. ಮಾತುಕತೆ ನಿಂತು ವರ್ಷವಾಗಿತ್ತು. ದಾಕ್ಷಾಯಿಣಿ ಮೋಟಾರಿನ ಮುಚ್ಚಳ ತೆಗೆದು ನೋಡಿದರೆ ಎರಡರಲ್ಲೂ ರಿಮೋಟಿನ ಗುರುತು ಗೊತ್ತುಮಾಡುವ ಪುಟ್ಟ ಸ್ವಿಚ್ಚುಗಳು ಕಾರ್ಖಾನೆಯಲ್ಲಿ ಇಟ್ಟಂತೆಯೇ, ಒಂದೇ ಥರ ಇದ್ದವು. ಎರಡು ಮನೆಯವರನ್ನೂ ಒಂದೇ ಏಣಿಯ ಬುಡಕ್ಕೆ ಕರೆಸಿ, ಅವರವರ ಕೈಯಿಂದಲೇ ಅವನ್ನು ಬದಲು ಮಾಡಿಸಿದಳು. ಅಲ್ಲಿಂದ ಬರುವಾಗ ಎರಡೂ ಮನೆಯಲ್ಲಿ ಊಟಕ್ಕೆ ಕರೆದರಂತೆ. ಒಂದೇ ಮನೆಯಲ್ಲಿ ಉಂಡರೆ ಮತ್ತೆ ಜಗಳ ಶುರುವಾದೀತೆಂದು ಹಸಿದುಕೊಂಡೇ ಬಸ್ಸು ಹತ್ತಿದಳು.

ಇನ್ನು ನನ್ನ ಸಂಗತಿ. ಎಂಟು ವರ್ಷದ ಹಿಂದೆ ಅರಬೈಲ್ ಘಟ್ಟದಲ್ಲಿ ನನ್ನ ಲಾರಿ ಮಗುಚಿತು. ನಾನು ಉಳಿದೆ, ಕಾಲು ಉಳಿಯಲಿಲ್ಲ. ಅಂದರೆ ಕಾಲು ಎರಡೂ ಇವೆ, ನನ್ನ ಮಾತು ಕೇಳುವುದಿಲ್ಲ ಅಷ್ಟೆ. ಆಮೇಲಿನ ವರ್ಷಗಳಲ್ಲಿ ಬಾಗಿಲಾಚೆ ಹೋಗಬೇಕಾದರೂ ಯಾರನ್ನಾದರೂ ಕೂಗಬೇಕಿತ್ತು. ಹಾಗೆ ಕೂಗುವುದು ಎಷ್ಟು ಕಷ್ಟವೆಂದು ಕೂಗಿದವನಿಗೇ ಗೊತ್ತು. ಹೋದ ವರ್ಷ ಕೈಯಲ್ಲೇ ಬ್ರೇಕು, ಎಕ್ಸಿಲೇಟರು ಒತ್ತುವ ಕಾರು ಸಿಕ್ಕಿತು. ಹಳೆಯ ಲಾರಿ ಶೆಡ್ಡಿಗೆ ದಾಕ್ಷಾಯಿಣಿಯಿಂದ ಮೋಟಾರು ಬಾಗಿಲು ಹಾಕಿಸಿದೆ. ಮನೆಯೊಳಗಿನಿಂದಲೇ ಶೆಡ್ಡಿಗೆ ದಾರಿ ಇದೆ. ಗಾಲಿಕುರ್ಚಿಯಿಂದ ಕಾರಿಗೆ ಜಾರಿಕೊಂಡು, ರಿಮೋಟು ಒತ್ತಿ, ಹೆದ್ದಾರಿ ಪಕ್ಕದ ನನ್ನ ಲಾರಿ ಬುಕಿಂಗ್ ಆಫೀಸಿಗೆ ನಾನೊಬ್ಬನೇ ಹೋಗತೊಡಗಿದೆ. ಐದು ತಿಂಗಳು ರಾಜನ ಹಾಗಿದ್ದೆ.

ಆಯುಧ ಪೂಜೆಯ ಮಾರನೇ ದಿನ ಬಾಗಿಲು ಕೈಕೊಟ್ಟಿತು. ಕಾರು ಹೊರಗೆ ತಂದು ರಿಮೋಟು ಒತ್ತಿದರೆ ಬಾಗಿಲು ಒಂದು ಗೇಣು ಇಳಿಯುತ್ತದೆ, ಮತ್ತೆ ಮೇಲೇರುತ್ತದೆ. ಹತ್ತು ಸಲ ಒತ್ತಿದೆ, ಹತ್ತು ಸಲವೂ ಅದೇ ಆಟ. ಮನೆ ಹೆದ್ದಾರಿಗೆ ಹಾರುಹೊಡೆದುಕೊಂಡಿರುವಾಗ ಬಿಟ್ಟು ಹೋಗುವುದು ಹೇಗೆ? ಮೂರು ದಿನ ಹೀಗೇ ಆಯಿತು. ನನ್ನ ಹೆಂಡತಿ ಅನುಶ್ರೀ ಅಂಗನವಾಡಿ ಟೀಚರು, ಅವಳಿಗೆ ಬೆಳಿಗ್ಗೆಯೇ ಹೋಗಬೇಕು. ಮೂರನೇ ದಿನ ಅವಳು ತೀರ್ಮಾನ ಕೊಟ್ಟೇಬಿಟ್ಟಳು.

"ಈ ಬಾಗ್ಲು ತೆಗ್ಸಿ ಹಾಕ್ವ. ಬೈರಣ್ಣಂಗೆ ಇಲ್ಲೇ ಬಂದು ಇರು ಹೇಳ್ತೆ. ನಿಮ್ಗೆ ಎಲ್ಲಿಗೆ ಹೋಗೂದಿದ್ರೂ ಅವ್ನೇ ಕರ್ಕಂಡು ಹೋಗ್ತ."

ಬೈರ ಅವಳ ಅಣ್ಣ, ಒಳ್ಳೆಯವನು. ಆದರೆ ಅವನು ಬಂದರೆ ಮತ್ತೆ ಕೂಗುವುದು ಶುರು. ನನ್ನ ಪಿತ್ತ ನೆತ್ತಿಗೇರಿತು. ದಾಕ್ಷಾಯಿಣಿಗೆ ಫೋನು ಹಚ್ಚಿ ಬಾಯಿಗೆ ಬಂದಂತೆ ಬೈದೆ. ಪಕ್ಕದ ಮನೆಯ ಚೌಡಮ್ಮ ಬೇಲಿಯ ಹತ್ತಿರ ಬಂದು ನಿಂತುಕೊಂಡೇ ಕೇಳಿದಳು. ದಾಕ್ಷಾಯಿಣಿ ನನಗೆ ಉಸಿರು ಕಟ್ಟುವವರೆಗೂ ಕಾದು, "ಮೋಟಾರಿನ ಬಲ್ಬು ಎಷ್ಟು ಸಲ ಮಿಣುಕ್ತೈತ್ರಿ?" ಎಂದು ಕೇಳಿದಳು.

"ನಾ ಎಂತ ಬಾಲವಾಡಿ ಹುಡುಗ್ನ, ಮಿಣುಕೂದು ಎಣ್ಸಲೆ?"

"ಎಣಸ್ರಿ."

ಎಣಿಸಿದೆ. ಹತ್ತು ಸಲ. "ತಿಳೀತ್ರಿ, ನಾಳೆ ಬರ್ತೇನಿ" ಎಂದು ಫೋನಿಟ್ಟಳು.

ಬೆಳಿಗ್ಗೆ ಹನ್ನೊಂದಕ್ಕೆ ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಳಿದು ಬಂದಳು. ಮೋಟಾರಿನ ಕಡೆ ತಲೆಯೆತ್ತಿಯೂ ನೋಡಲಿಲ್ಲ. ನೇರವಾಗಿ ಬಾಗಿಲ ಚೌಕಟ್ಟಿನ ಬುಡದಲ್ಲಿ ಕೂತಳು. ಅಲ್ಲಿ ಎಡಕ್ಕೊಂದು, ಬಲಕ್ಕೊಂದು ಪುಟ್ಟ ಗಾಜಿನ ಕಣ್ಣಿದೆ. ಒಂದು ಇನ್ನೊಂದನ್ನು ನೋಡುತ್ತಿರಬೇಕು. ನಡುವೆ ಮಗುವೋ ದನವೋ ಅಡ್ಡ ಬಂದರೆ ಬಾಗಿಲು ಇಳಿಯದೆ ಮೇಲೇಳುತ್ತದೆ. ಆ ಎರಡು ಕಣ್ಣಿಗೂ ನಾನು ಆಯುಧ ಪೂಜೆಯ ದಿನ ಕುರ್ಚಿಯಿಂದ ಬಗ್ಗಿ, ದಪ್ಪಗೆ ಗಂಧ ಬಳಿದು, ಮೇಲೆ ಕುಂಕುಮ ಇಟ್ಟಿದ್ದೆ! ಲಾರಿಯ ದೀಪಗಳಿಗೆ ವರ್ಷ ವರ್ಷ ಮಾಡಿಕೊಂಡು ಬಂದದ್ದೇ ಹಾಗೆ. ಈ ಬಾಗಿಲಿಗೂ ಎರಡು ಕಣ್ಣಿದೆಯೆಂದು ದಾಕ್ಷಾಯಿಣಿ ಹೇಳಿಕೊಟ್ಟಿದ್ದಳಲ್ಲ, ಅವನ್ನು ಹೇಗೆ ಬಿಡುವುದು?

ಬೇಲಿಯ ಬದಿಯಿಂದ ನೋಡುತ್ತಿದ್ದ ಚೌಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಇಡೀ ಕೇರಿಗೆ ಕೇಳುವ ಹಾಗೆ ಆಕೆಗೆ ಬೈದವನು ನಾನು. ದಾಕ್ಷಾಯಿಣಿ ಮಾತ್ರ ನಗಲಿಲ್ಲ.

"ಪೂಜಾ ಮಾಡಿದ್ದು ತಪ್ಪಲ್ರಿ. ಮುಂದಿನ ವರ್ಷ ಇದಕ್ಕ ಹಚ್ಚರಿ," ಎಂದು ಎರಡೂ ಕಣ್ಣಿನ ಮೇಲ್ಗಡೆ ರೂಪಾಯಿ ಅಗಲದ ತಗಡಿನ ಬಿಲ್ಲೆ ಅಂಟಿಸಿದಳು. ಕಣ್ಣು ಒರೆಸಿ ರಿಮೋಟು ಒತ್ತಿದರೆ ಬಾಗಿಲು ಮೆತ್ತಗೆ ಇಳಿದು ನಿಂತಿತು. ಮೂರು ದಿನದ ರಗಳೆ ಎರಡು ನಿಮಿಷಕ್ಕೆ ಮುಗಿಯಿತು.

ಅಂದು ರಜೆ ಹಾಕಿ ಮನೆಯಲ್ಲೇ ಉಳಿದಿದ್ದ ಅನುಶ್ರೀಗೆ ಸಮಾಧಾನವಾಗಲಿಲ್ಲ. "ಇವತ್ತು ಕುಂಕುಮ, ನಾಳೆ ಕರೆಂಟು. ಆಷಾಢದಲ್ಲಿ ಕರೆಂಟು ಹೋಗಿ ಇವ್ರು ಮೂರು ತಾಸು ಒಳ್ಗೇ ಸಿಕ್ಕಿ ಬಿದ್ದಿದ್ರು. ನಾ ಮಕ್ಕಳ್ನ ಬಿಟ್ಟು ಓಡಿ ಬರ್ಬೇಕಾತು. ಬೈರಣ್ಣ ಸಂಜೆ ಬಸ್ಸಿಗೆ ಹೊರಡ್ತ," ಅಂದಳು. ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ನನಗೆ ಹೆಚ್ಚು ಉರಿಯಿತು.

ಕೆಲಸ ಮುಗಿಯಿತು, ಚೀಲ ಎತ್ತಿಕೊಂಡು ಹೋಗಬಹುದಿತ್ತು ದಾಕ್ಷಾಯಿಣಿ. ಆಕೆ ಬಾಗಿಲನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿದಳು.

"ತಪ್ಪು ನಂದೈತ್ರಿ. ಎದ್ದು ನಿಂದ್ರೋರ ಮನಿಗೆ ಹಾಕಿದಂಗ ನಿಮಗೂ ಹಾಕಿ ಹೋಗೇನಿ. ಒಂದ್ ತಾಸು ನಿಮ್ಮ ಕುರ್ಚಿ ಕೊಡ್ರಿ."

ನನ್ನನ್ನು ಬೆಂಚಿನ ಮೇಲೆ ಕೂರಿಸಿ, ನನ್ನ ಗಾಲಿಕುರ್ಚಿಯಲ್ಲಿ ತಾನು ಕೂತಳು. ಶೆಡ್ಡಿನಲ್ಲೆಲ್ಲ ಉರುಳಿಸಿಕೊಂಡು ಓಡಾಡಿದಳು. ಕರೆಂಟಿಲ್ಲದಾಗ ಎಳೆದು ಮೋಟಾರಿನಿಂದ ಬಾಗಿಲನ್ನು ಬಿಡಿಸುವ ಕೆಂಪು ಹಗ್ಗಕ್ಕೆ ಕೈ ಚಾಚಿದಳು, ಎಟುಕಲಿಲ್ಲ. ಬಾಗಿಲ ಹಿಡಿಯನ್ನು ಕೂತಲ್ಲಿಂದ ಎತ್ತಲು ನೋಡಿದಳು, ಭುಜ ನಡುಗಿತು. ಮೋಟಾರಿಗೆ ಹೊಸ ರಿಮೋಟು ಕಲಿಸುವ ಗುಂಡಿಯಂತೂ ಚಾವಣಿಯಲ್ಲಿತ್ತು. ಎಂಟು ವರ್ಷದಲ್ಲಿ ಡಾಕ್ಟರು, ಬಂಧುಗಳು, ಸ್ನೇಹಿತರು ಎಷ್ಟೋ ಜನ ನನ್ನ ಕಷ್ಟ ಕೇಳಿದ್ದಾರೆ. ಆ ಕುರ್ಚಿಯಲ್ಲಿ ಕೂತು ನೋಡಿದವರು ಯಾರೂ ಇರಲಿಲ್ಲ.

ಮಧ್ಯಾಹ್ನವಿಡೀ ಏಣಿ ಹತ್ತುವುದು, ಇಳಿದು ಕುರ್ಚಿಯಲ್ಲಿ ಕೂತು ನೋಡುವುದು, ಮತ್ತೆ ಹತ್ತುವುದು. ಬಾಗಿಲ ಭಾರ ಹೊರುವ ಸ್ಪ್ರಿಂಗನ್ನು ಕಾಲು ಸುತ್ತು ಬಿಗಿದು, ನೋಡಿ, ಇನ್ನೂ ಕಾಲು ಸುತ್ತು. ಕೊನೆಗೆ ಬಾಗಿಲು ಸೊಂಟದ ಎತ್ತರದಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವಷ್ಟು ಹದಕ್ಕೆ ಬಂತು. ಕೆಂಪು ಹಗ್ಗ ಉದ್ದವಾಯಿತು. ಹೊರಗಿನಿಂದ ಎಳೆದು ಮುಚ್ಚಲು ಬಾಗಿಲಿಗೊಂದು ಹಗ್ಗ ಬಂತು. ಚಾವಣಿಯ ಗುಂಡಿಗೆ ತಂತಿ ಎಳೆದು, ಗೋಡೆಯ ಮೇಲೆ ನನ್ನ ಮೊಣಕೈ ಎತ್ತರಕ್ಕೆ ಒಂದು ಕಾಲಿಂಗ್ ಬೆಲ್ಲಿನ ಸ್ವಿಚ್ಚು ಕೂತಿತು.

ಆಮೇಲೆ ನನ್ನನ್ನು ಮತ್ತೆ ಕುರ್ಚಿಯಲ್ಲಿ ಕೂರಿಸಿ, ಇದ್ದ ರಿಮೋಟುಗಳ ಗುರುತನ್ನೆಲ್ಲ ಅಳಿಸಿಹಾಕಿದಳು. "ಈಗ ನಿಮ್ಮ ರಿಮೋಟು ನೀವ ಕಲಿಸ್ರಿ." ಅನುಶ್ರೀ ಮುಂದೆ ಬಂದರೆ ಕೈ ಅಡ್ಡ ಹಿಡಿದಳು. ನಾನು ಗೋಡೆಯ ಸ್ವಿಚ್ಚು ಒತ್ತಿದೆ, ದೀಪ ಹತ್ತಿತು. ರಿಮೋಟಿನ ಗುಂಡಿ ಹಿಡಿದೆ. ಮೊದಲ ಸಲ ತಪ್ಪಿತು, ಎರಡನೇ ಸಲ ಬಲ್ಬು ಒಮ್ಮೆ ಮಿನುಗಿ ಗುರುತು ಕೂತಿತು.

"ಇನ್ನೊಂದೈತ್ರಿ," ಎಂದವಳೇ ಹೋಗಿ ಮೇನ್ ಸ್ವಿಚ್ಚು ಇಳಿಸಿಬಿಟ್ಟಳು. ಶೆಡ್ಡು ಮಬ್ಬಾಯಿತು. "ಕರೆಂಟು ಹೋತು. ಹೊರಗ ಹೋಗ್ರಿ. ಅಕ್ಕಾರ, ನೀವು ನನ್ನ ಹಂತ್ಯಾಕ ನಿಂದ್ರಿ."

"ಬೀಳ್ತ್ರು ಅವ್ರು," ಅಂದಳು ಅನುಶ್ರೀ.

"ಬಿದ್ರ ಎತ್ತೋಣಂತ."

ಮನಸ್ಸಿನಲ್ಲೇ ಆಕೆಗೆ ಮತ್ತೊಂದು ಸುತ್ತು ಬೈದೆ. ಕೆಂಪು ಹಗ್ಗ ಎಳೆದೆ, ಮೇಲೆ ಕಟಕ್ಕೆಂದಿತು. ಹಿಡಿಗೆ ಒಂದು ಕೈ ಕೊಟ್ಟು ಎತ್ತಿದೆ. ಅಷ್ಟು ದೊಡ್ಡ ಬಾಗಿಲು ಎದೆಯ ಮಟ್ಟಕ್ಕೆ ಬಂತು, ತಲೆ ದಾಟಿತು, ಮುಖಕ್ಕೆ ಬಿಸಿಲು ಬಿತ್ತು. ಕುರ್ಚಿ ಉರುಳಿಸಿಕೊಂಡು ಹೊರಗೆ ಬಂದು, ತಿರುಗಿ, ಹಗ್ಗ ಎಳೆದು ಬಾಗಿಲು ಮುಚ್ಚಿದೆ. ಅವರಿಬ್ಬರೂ ಒಳಗೆ, ನಾನೊಬ್ಬನೇ ಹೊರಗೆ. ಕಣ್ಣಲ್ಲಿ ನೀರು. ಒರೆಸಿಕೊಳ್ಳಲೂ ಇಲ್ಲ.

ಆಮೇಲೆ ಅನುಶ್ರೀ ಫೋನಿನಲ್ಲಿ ಮಾತಾಡುವುದು ಬಾಗಿಲಾಚೆಯಿಂದ ಕೇಳಿಸಿತು.

"ಬೈರಣ್ಣ, ಬಸ್ಸು ಹತ್ತಬ್ಯಾಡ. ಅವ್ರು ಹೊರಗೆ ಹೋಗಾತು."