ಎಣ್ಣೆಯ ಮೇಲಿನ ಅನುಮಾನ

ಸವಣೂರಿನಿಂದ ಹಂಸಭಾವಿಗೆ ಮದುವೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ಶಾಲೆಗೆ ಹೋಗುವಾಗಿನಿಂದಲೂ ನನಗೆ ಮೂರ್ಛೆರೋಗವಿತ್ತು. ಅಪ್ಪ ಅದನ್ನು ಮುಚ್ಚಿಡದೆ ಹೇಳಿಯೇ ಮದುವೆ ಮಾಡಿದ್ದ. ಅಲ್ಲಿಯತನಕ ನುಂಗಿದ ಗುಳಿಗೆಗಳಿಂದ ಒಸಡು ಬಾತು, ಮುಖದ ತುಂಬ ಮೊಡವೆ ಎದ್ದು, ತುಟಿಯ ಮೇಲೆ ಗಂಡಸರಂತೆ ರೋಮ ಬಂದಿತ್ತು. ಮದುವೆಯ ಮರುವರ್ಷ, ಎಂಬತ್ತರ ದಶಕದ ನಡುವೆ, ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಬದಲಿಸಿದರು. ಮೊಡವೆ ಮಾಯಿತು. ಆದರೆ ಎರಡೇ ತಿಂಗಳಿಗೆ ತಲೆಗೂದಲು ಉದುರತೊಡಗಿತು. ಬಾಚಣಿಗೆ ಇಟ್ಟರೆ ಹಿಡಿ ಹಿಡಿ ಬರುತ್ತಿತ್ತು.

ನನ್ನ ಅನುಮಾನ ಹೋದದ್ದು ನೆಗೆಣ್ಣಿಯ ಮೇಲೆ. ಅವಳು ಗಂಡನ ಅಣ್ಣನ ಹೆಂಡತಿ. ಅತ್ತೆ ಬಂದವರೆದುರೆಲ್ಲ ನನ್ನ ಜಡೆಯನ್ನು ಹೊಗಳುವಾಗ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಕೂದಲು ಉದುರತೊಡಗುವ ಕೆಲವೇ ದಿನ ಮುಂಚೆ ಕರಿಬೇವು ಹಾಕಿ ಕಾಯಿಸಿದ ಎಣ್ಣೆಯ ಬಾಟಲಿಯನ್ನೂ ಅವಳೇ ಕೊಟ್ಟಿದ್ದಳು. ನಾನು ಆ ಎಣ್ಣೆಯನ್ನು ಮೂಸಿದೆ, ಬೆರಳ ನಡುವೆ ತಿಕ್ಕಿ ನೋಡಿದೆ. ಒಂದು ದಿನ ತಡೆಯಲಾಗದೆ ಕೇಳಿಯೇಬಿಟ್ಟೆ.

"ಅಕ್ಕಾ, ಖರೇ ಹೇಳ್ರಿ. ಎಣ್ಣ್ಯಾಗ ಏನ್ ಹಾಕೀರಿ?"

ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ಎದ್ದು ಬಂದು ಬಾಟಲಿಯಲ್ಲಿದ್ದ ಎಣ್ಣೆಯನ್ನು ತನ್ನ ತಲೆಗೇ ಸುರುವಿಕೊಂಡಳು.

"ನನ್ನ ತಲೀನೂ ಬೋಳಾಗ್ಲಿ. ನೋಡ್ಕೋತ ಕುಂದ್ರು."

ಅಂದಿನಿಂದ ಮಾತು ಬಿಟ್ಟಳು. ಹದಿನೈದು ದಿನವಾದರೂ ಅವಳ ಒಂದು ಕೂದಲೂ ಉದುರಲಿಲ್ಲ. ಆಗ ನನ್ನ ಅನುಮಾನ ಗುಳಿಗೆಯತ್ತ ತಿರುಗಿತು. ಯಾರಿಗೂ ಹೇಳದೆ ನುಂಗುವುದನ್ನು ಬಿಟ್ಟೆ. ಮೂರನೆಯ ದಿನ ಬೆಳಿಗ್ಗೆ ಅರಿವೆ ಒಗೆಯುತ್ತಿದ್ದಾಗ ಮೂರ್ಛೆ ಬಂದು ಬಿದ್ದೆ. ಎಚ್ಚರವಾದಾಗ ಹಣೆ ಒಡೆದಿತ್ತು. ತಲೆ ನೆಗೆಣ್ಣಿಯ ತೊಡೆಯ ಮೇಲಿತ್ತು.

"ಗುಳಿಗಿ ತಗೊಂಡಿಯಿಲ್ಲೋ?"

ಇಲ್ಲವೆಂದು ತಲೆಯಾಡಿಸಿದೆ. ಮರುದಿನ ಅವಳೇ ನನ್ನನ್ನು ಬಸ್ಸಿನಲ್ಲಿ ಹುಬ್ಬಳ್ಳಿಗೆ ಕರೆದೊಯ್ದಳು.

"ಈ ಗುಳಿಗಿಯಿಂದ ಕೆಲವರಿಗೆ ಕೂದಲ ಉದರ್ತಾವು" ಎಂದರು ಡಾಕ್ಟರು. "ಹಂಗಂತ ನಿಮ್ಮಷ್ಟಕ್ಕ ನೀವ ಬಿಟ್ರ ಜೀವಕ್ಕ ಕುತ್ತು. ಪ್ರಮಾಣ ಕಡಿಮಿ ಮಾಡಿ ನೋಡೂಣು."

"ಇದನ್ನ ಮೊದಲ ಯಾಕ ಹೇಳಲಿಲ್ರಿ ಸಾಹೇಬ್ರ?" ಎಂದು ನೆಗೆಣ್ಣಿ ಕೇಳಿದಳು. ಅವರು ಹೊಸ ಪ್ರಮಾಣದ ಚೀಟಿ ಬರೆದು ಅವಳ ಕೈಗಿಟ್ಟರು.

ಮರಳುವಾಗ ಬಸ್ಸಿನಲ್ಲಿ ತಪ್ಪಾಯಿತೆಂದೆ. ಅದಕ್ಕವಳು, "ನನ್ನ ಮ್ಯಾಲೆ ಬೇಕಾದಷ್ಟು ಸಂಶೆ ಪಡು. ಗುಳಿಗಿ ಮಾತ್ರ ಬಿಡಬ್ಯಾಡ" ಎಂದಳು.

ಆರು ತಿಂಗಳಲ್ಲಿ ಕೂದಲು ಮರಳಿ ಬಂತು, ಆದರೆ ಆ ಗುಳಿಗೆಯ ಗುಣಕ್ಕೋ ಏನೋ, ಗುಂಗುರಾಗಿ. ನೆಟ್ಟಗಿನ ಜಡೆ ಕಂಡಿದ್ದ ಅತ್ತೆಗೆ ಇದು ನನ್ನದೇ ಕೂದಲೆಂದು ನಂಬಿಕೆ ಬರಲಿಲ್ಲ. ಹಿಂದಿನಿಂದ ಬಂದು ಒಮ್ಮೆ ಜಗ್ಗಿ ನೋಡಿದರು.