ಎರಡು ಪೆಟ್ಟುಗಳ ನಡುವಿನ ಪ್ರಾರ್ಥನೆ

ನಯಾಪೈಸೆ ಹೊಸದಾಗಿ ಬಂದ ವರ್ಷ, ಕ್ರಿಸ್ತಜಯಂತಿಗೆ ಮುಂಚಿನ ಆಗಮನ ಕಾಲದ ಎರಡನೆಯ ಮೇಣದಬತ್ತಿ ಹಚ್ಚಿದ ವಾರದಲ್ಲಿ ನಮ್ಮ ಗಂಡುಮಗು ಗಂಟಲುಮಾರಿಯಿಂದ ತೀರಿಕೊಂಡಿತು. ಹೊಳೆನರಸೀಪುರದಿಂದ ಹಾಸನದ ಆಸ್ಪತ್ರೆಗೆ ಬಸ್ಸಿನಲ್ಲಿ ಹೋಗುವಾಗ ಮಗು ನನ್ನ ತೊಡೆಯ ಮೇಲಿತ್ತು. ಹಿಂದಿರುಗುವಾಗ ನನ್ನ ಯಜಮಾನರು ಯೋಹಾನಪ್ಪನವರ ಹೆಗಲ ಮೇಲಿತ್ತು; ಮೇಲೆ ದುಪ್ಪಟಿ ಹೊದಿಸಿದ್ದೆವು.

ಕಂಡಕ್ಟರು ಬಗ್ಗಿ ನೋಡಿ, "ಮಲಗ್ಬುಡ್ತಾ ಮಗ?" ಎಂದ.

"ಊ ಕಣಪ್ಪಾ," ಎಂದರು ಯಜಮಾನರು. ನಿಜ ಹೇಳಿದ್ದರೆ ನಮ್ಮನ್ನು ನಡುದಾರಿಯಲ್ಲಿ ಇಳಿಸುತ್ತಿದ್ದರು.

ಸಭೆಯ ಸಹೋದರ ಸಹೋದರಿಯರೇ, ಮುಂದಿನದನ್ನೂ ನಾನು ಕಂಡಷ್ಟೇ ಬರೆಯುತ್ತೇನೆ. ಕಾಣದ್ದನ್ನು ಸೇರಿಸುವುದಿಲ್ಲ.

ಯಜಮಾನರು ಬಡಗಿ ಕೆಲಸದವರು. ನಮ್ಮ ಚಿಕ್ಕ ದೇವಾಲಯದ ಗಂಟೆ ಹೊಡೆಯುವ ಸೇವೆಯೂ ಅವರದೇ. ಸಭೆಯಲ್ಲಿ ಯಾರಾದರೂ ತೀರಿಕೊಂಡರೆ ಗಂಟೆಯನ್ನು ತಡೆತಡೆದು ಹೊಡೆಯುವುದು ರೂಢಿ. ಎರಡು ಪೆಟ್ಟುಗಳ ನಡುವೆ ಎಷ್ಟು ಹೊತ್ತು ಬಿಡಬೇಕೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಅವರು ತುಟಿಯಲ್ಲಿಯೇ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು ಒಮ್ಮೆ ಪೂರ್ತಿ ಹೇಳಿ, ಆಮೇಲೆ ಹಗ್ಗ ಎಳೆಯುತ್ತಿದ್ದರು. ಇದು ನನಗೊಬ್ಬಳಿಗೆ ಗೊತ್ತಿತ್ತು. ನಮ್ಮ ಮಗುವಿಗೂ ಅವರೇ ಹೊಡೆದರು; ನಾನು ಪಕ್ಕದಲ್ಲಿ ನಿಂತಿದ್ದೆ. ಕೆಲವು ಪೆಟ್ಟುಗಳಾದ ಮೇಲೆ ಅವರ ತುಟಿಯಾಡುವುದು ನಿಂತಿತು. ಆ ಪ್ರಾರ್ಥನೆಯಲ್ಲಿ ದೇವರ ಚಿತ್ತ ನೆರವೇರಲಿ ಎಂದು ಕೇಳಿಕೊಳ್ಳುವ ಕಡೆ ಅವರಿಗೆ ಮುಂದಕ್ಕೆ ಹೋಗಲಾಗಲಿಲ್ಲ. ಹಗ್ಗ ಹಿಡಿದುಕೊಂಡೇ ನಿಂತುಬಿಟ್ಟರು. ಹೊರಗಿದ್ದವರು ಗಂಟೆ ಮುಗಿಯಿತೆಂದು ಶವಪೆಟ್ಟಿಗೆ ಎತ್ತಿದರು. ಆಗ ಇನ್ನೊಂದು ಪೆಟ್ಟು ಬಿತ್ತು.

ಕ್ರಿಸ್ತಜಯಂತಿಗೆ ಕಟ್ಟಿದ್ದ ಕಾಗದದ ನಕ್ಷತ್ರ ಇಳಿಸಿದ ಮಾರನೆಯ ದಿನ ಅವರು, ಅರಕಲಗೂಡಿನಲ್ಲಿ ಬಾಗಿಲು ಕೂರಿಸುವ ಕೆಲಸವಿದೆ, ಶನಿವಾರ ಸಂಜೆಯ ಗಂಟೆಗೆ ಬರುತ್ತೇನೆ ಎಂದು ಹೇಳಿ ಹೋದರು. ಶನಿವಾರ ಬರಲಿಲ್ಲ. ಅದರ ಮುಂದಿನ ಶನಿವಾರವೂ ಬರಲಿಲ್ಲ. ನಾನು ಅರಕಲಗೂಡಿಗೆ ಹೋದೆ. ಬಾಗಿಲು ಮಾಡಿಸುತ್ತಿದ್ದ ಮನೆಯಾತ ಜಗಲಿಯ ಮೂಲೆ ತೋರಿಸಿದ.

"ಊಟಕ್ಕೆ ಕರೆದ್ವಿ ಕಣಮ್ಮ, ಬತ್ತೀನಿ ಅಂದ. ಎದ್ದು ಓದೋನು ಓದಂಗೇ. ಉಳಿ, ಬಾಚಿ ಎಲ್ಲಾ ಇಲ್ಲೇ ಬಿದ್ದವೆ."

ಬಡಗಿಯಾದವನು ಹಸಿವಾದರೂ ಅನ್ನ ಬಿಟ್ಟಾನು, ಉಳಿ ಬಾಚಿ ಬಿಡುವುದಿಲ್ಲ. ಅವರ ಉಳಿ ಬಾಚಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುವಾಗ ನನಗೆ ಮೊದಲ ಸಲ ಭಯ ಹುಟ್ಟಿತು.

ಗಂಟೆಯ ಹಗ್ಗ ನನ್ನ ಕೈಗೆ ಬಂತು. ಬೇಲಿಯಾಚೆ ಎಮ್ಮೆ ಕಟ್ಟುತ್ತಿದ್ದ ನಿಂಗಮ್ಮ ನಗಾಡುತ್ತಿದ್ದಳು. "ಎಸ್ತೇರವ್ವಾ, ನೀನು ಎಳ್ಯಾ ಚಂದಕ್ಕೆ ನಮ್ಮೆಮ್ಮೆ ಆಲು ಕೊಡಾದ್ನೇ ಬುಡ್ತದೆ ಕಣವ್ವಾ. ಬಿರ್ನೆ ಕರೆಸ್ಕಳವ್ವಾ ಗಂಡನ್ನ!" ಎಲ್ಲಿಂದ ಕರೆಸಲಿ?

ಬೂದಿ ಬುಧವಾರ ಬಂತು. ವೇದಿಗೆ ನೇರಳೆ ಬಟ್ಟೆ ಹೊದಿಸಿದೆವು. ಕರ್ತನ ಶ್ರಮೆಯನ್ನು ನೆನೆಯುವ ಆ ವಾರಗಳಲ್ಲಿ ನಮ್ಮಲ್ಲಿ ಹಲ್ಲೆಲೂಯ ಎಂಬ ಸ್ತುತಿ ಹಾಡುವುದಿಲ್ಲ. ಆ ವರ್ಷ ನನಗೆ ಅದನ್ನು ಬಿಟ್ಟದ್ದೇ ತಿಳಿಯಲಿಲ್ಲ. ಒಂದು ದಿನ, ಆರಾಧನೆ ನಡೆಸುವ ನಮ್ಮ ಉಪದೇಶಿಯವರು ಮನೆಗೆ ಬಂದು, ಕೂರದೆ ನಿಂತುಕೊಂಡೇ ಹೇಳಿದರು: "ತಾಯಿ, ಚನ್ನರಾಯಪಟ್ಟಣದ ಕೆರೆಯಲ್ಲಿ ಒಬ್ಬ ಗಂಡಸು ಸಿಕ್ಕಿದ್ದಾನಂತೆ. ಗುರುತು ಹಿಡಿಯೋರು ಯಾರೂ ಇಲ್ಲವಂತೆ."

ಬಸ್ಸಿನಲ್ಲಿ ನಾವಿಬ್ಬರೂ ಹೋದೆವು. ಕೆರೆ ಏರಿಯ ಮೇಲೆ ಹೆಣಕ್ಕೆ ಚಾಪೆ ಮುಚ್ಚಿದ್ದರು. ಮುಖ ನೋಡಿ ಹೇಳುವಂತಿರಲಿಲ್ಲ. ಎತ್ತರ ಅವರದೇ, ಅಂಗಿಯೂ ಅಂಥದೇ.

"ನಿಮ್ಮೋರೇನಮ್ಮಾ?" ಎಂದ ಪೊಲೀಸಿನವನು.

"ಬಲಗೈ ತೋರಿಸಿ ಸಾ," ಎಂದೆ.

ಹಗ್ಗ ಎಳೆದೆಳೆದು ಯಜಮಾನರ ಬಲ ಅಂಗೈಯಲ್ಲಿ ಅಡ್ಡಕ್ಕೆ ಒಂದು ಜಡ್ಡು ಕಟ್ಟಿತ್ತು. ಆ ಅಂಗೈಯಲ್ಲಿ ಅದಿರಲಿಲ್ಲ. ಉಪದೇಶಿಯವರು ದೇವರಿಗೆ ಸ್ತೋತ್ರ ಎಂದರು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಅದು ಇನ್ನೊಬ್ಬ ಹೆಂಗಸಿನ ಗಂಡನ ಕೈ. ಅಲ್ಲದೆ, ನೀರು ಎಲ್ಲ ಊರಿನಲ್ಲೂ ಇದೆ.

ಶುಭ ಶುಕ್ರವಾರ ವೇದಿಗೆ ಕಪ್ಪು ಹೊದಿಸಿದೆವು. ಆ ದಿನ ಮಧ್ಯಾಹ್ನ ಮೂರಕ್ಕೆ, ಸಭೆಯವರೊಬ್ಬರು ಸತ್ತಾಗ ಹೊಡೆಯುವ ಗಂಟೆಯನ್ನೇ ಕರ್ತನ ಮರಣಕ್ಕಾಗಿ ಹೊಡೆಯುತ್ತೇವೆ. ಆಮೇಲೆ ಯಾರೂ ಯಾರನ್ನೂ ಮಾತಾಡಿಸದೆ ಮನೆಗೆ ಹೋಗುತ್ತೇವೆ. ಹಗ್ಗ ಇಳಿಬಿಟ್ಟಿದ್ದು ಹಿಂಬದಿಯ ಕೋಣೆಯಲ್ಲಿ. ಮಗಳು ಕರುಣಾ ನನ್ನ ಸೆರಗು ಹಿಡಿದು ನಿಂತಿದ್ದಳು.

ಮೊದಲ ಪೆಟ್ಟು ಹಾಕಿದೆ. ಯಜಮಾನರು ಬಿಡುತ್ತಿದ್ದಷ್ಟೇ ಬಿಡುವು ಬಿಟ್ಟು, ಪ್ರಾರ್ಥನೆ ಮುಗಿಸಿ, ಎರಡನೆಯದು ಹಾಕಿದೆ. ಹೀಗೆಯೇ ನಡೆಯುತ್ತಿರುವಾಗ ಒಂದು ಯೋಚನೆ ಬಂತು. ಈ ಗಂಟೆ ಅವರಿಗೇ ಆಗಿರಬಹುದು. ಹೆಣವಿಲ್ಲದೆ, ಗೋರಿಯಿಲ್ಲದೆ, ಅವರ ಸಾವಿಗೆ ನಾನೇ ಗಂಟೆ ಹೊಡೆಯುತ್ತಿರಬಹುದು. ಅವರು ಎಲ್ಲಿ ನಿಂತಿದ್ದರೋ ಆ ಮಾತಿನ ಬಳಿಯೇ ನನ್ನ ಪ್ರಾರ್ಥನೆ ನಿಂತಿತು. ನಿನ್ನ ಚಿತ್ತ ಎಂದು ಹೇಳಲಾಗಲಿಲ್ಲ. "ಅವರನ್ನು ಕೊಡು" ಎಂದಷ್ಟೇ ಕೇಳಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಕರುಣಾ ಸೆರಗು ಜಗ್ಗಿದಳು. "ಅವ್ವಾ, ಎಳಿ."

ಎಳೆದೆ. ಉಳಿದದ್ದನ್ನೂ ಮುಗಿಸಿದೆ.

ಜನ ತಲೆ ತಗ್ಗಿಸಿಕೊಂಡು ಹೊರಡುವ ಸದ್ದು ಕೇಳಿತು. ಆಮೇಲೆ ಅಂಗಳದಲ್ಲಿ ಒಂದು ಗಂಡು ದನಿ. "ಯಾರು? ಯಾರು ತೀರೋದ್ರು? ಮಾತಾಡ್ರಪ್ಪಾ, ಯಾರಿಗೆ ಒಡೆದ್ರಿ?"

ನಾನು ಮುಂಬದಿಗೆ ಬಂದೆ. ಗಡ್ಡ ಬೆಳೆದ ಯಜಮಾನರು ಮೆಟ್ಟಿಲ ಬಳಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಸಭೆಯವರು ಬೆಚ್ಚಿಬಿದ್ದಿದ್ದರು, ಆ ದಿನ ಮಾತಾಡಬಾರದೆಂಬ ರೂಢಿ ಬೇರೆ. ಎಲ್ಲರೂ ನೆಲ ನೋಡಿದರು. ಅವರು ಅದನ್ನೇ ಉತ್ತರವೆಂದು ತಿಳಿದು, "ನನ್ ಮಗಳಾ?" ಎಂದು ಅಲ್ಲಿಯೇ ಕುಸಿದರು.

ಬೇಲಿಯಾಚೆಯಿಂದ ನಿಂಗಮ್ಮನ ದನಿ ಬಂತು.

"ಅಯ್ಯೋ, ನಿಮ್ ಯೇಸಪ್ಪ ಸತ್ತ ದಿನ ಅಲ್ವೇನಪ್ಪಾ ಇವತ್ತು! ವರ್ಸಾ ವರ್ಸಾ ಒಡೀತಿದ್ದೋನು ನೀನೇ, ಮರ್ತ್ಬುಟ್ಯಾ?"

ಕರುಣಾ ನನ್ನ ಸೆರಗು ಬಿಟ್ಟು ಓಡಿದಳು.

ಯಜಮಾನರು ಅಷ್ಟು ದಿನ ಜಿನನಾಥಪುರದ ಕಡೆ ಕಲ್ಲು ಹೊರುತ್ತಿದ್ದರಂತೆ. ಯಾವ ವಾರ, ಯಾವ ಹಬ್ಬ ಎಂಬುದೆಲ್ಲ ತಪ್ಪಿಹೋಗಿತ್ತಂತೆ. ಆ ಮಧ್ಯಾಹ್ನ ನಮ್ಮೂರ ಹೊಳೆಯ ಆಚೆ ದಡದಲ್ಲಿ ಕೂತಿದ್ದೆ ಎಂದರು. ಯಾಕೆ ಎಂದು ಹೇಳಲಿಲ್ಲ.

"ಬಿಡುವು ಕೇಳಿದ್ ಕೂಡ್ಲೆ ನೀನೇ ಎಳೀತಿದ್ದೀಯ ಅಂತ ಗೊತ್ತಾಯ್ತು. ಆಮೇಲೆ ಅಷ್ಟೊತ್ತು ನಿಂತೋಯ್ತಲ್ಲ, ನಾನು ನಿಂತಂಗೇ. ಆಗ ಕರುಣಾನೇ ಅನ್ಕಂಡೆ. ಓಡಿ ಬಂದೆ."

ಬೇಸಿಗೆಯ ಆ ದಿನಗಳಲ್ಲಿ ಹೊಳೆ ದಾಟುವ ಕಡೆ ಮೊಣಕಾಲುದ್ದ ನೀರಷ್ಟೇ ಇರುತ್ತದೆ. ಅವರ ಅಂಗಿ ಎದೆಯವರೆಗೆ ಒದ್ದೆಯಾಗಿತ್ತು. ನಾನು ಕೇಳಲಿಲ್ಲ. ಇಂದಿಗೂ ಕೇಳಿಲ್ಲ.

ಸಹೋದರ ಸಹೋದರಿಯರೇ, ನಾನು ಹೇಳಲಾಗದೆ ನಿಂತ ಮಾತಿನಲ್ಲಿಯೇ ದೇವರು ನನಗೆ ಉತ್ತರ ಕೊಟ್ಟರು. ಗಂಟೆ ಬಲ್ಲವರು ಯಾರಾದರೂ ನಡುವೆ ನಿಲ್ಲಿಸದೆ ಸರಿಯಾಗಿ ಹೊಡೆದಿದ್ದರೆ ಯಜಮಾನರು ಏಳುತ್ತಿದ್ದರೋ ಇಲ್ಲವೋ, ನಾನು ಹೇಳಲಾರೆ. ಬದುಕಿದ್ದ ಒಬ್ಬನನ್ನು ಕರ್ತನ ಮರಣದ ಗಂಟೆ ನೀರಿನಿಂದ ಎಬ್ಬಿಸಿತು. ಇಷ್ಟನ್ನು ಬಲ್ಲೆ, ಇದಕ್ಕಾಗಿ ಸ್ತೋತ್ರ ಹೇಳುತ್ತೇನೆ.

ಈಗ ಶುಭ ಶುಕ್ರವಾರ ಹಗ್ಗ ಹಿಡಿಯುವವರು ಅವರೇ. ಅಂಗೈಯಲ್ಲಿ ಜಡ್ಡು ಮತ್ತೆ ಕಟ್ಟಿದೆ. ನಾನು ಹೊರಗೆ ಅಂಗಳದಲ್ಲಿ ನಿಂತು, ಎರಡು ಪೆಟ್ಟುಗಳ ನಡುವೆ ಪ್ರಾರ್ಥನೆಯನ್ನು ಅವರ ಜೊತೆಗೆ ಹೇಳುತ್ತೇನೆ, ನಿನ್ನ ಚಿತ್ತ ಎಂಬುದನ್ನೂ ಸೇರಿಸಿ. ಪ್ರತಿ ಸಲವೂ ಪ್ರಾರ್ಥನೆ ಮುಗಿದು, ಮುಂದಿನ ಪೆಟ್ಟು ಬೀಳುವವರೆಗೆ ನನ್ನ ಉಸಿರು ನಿಂತಿರುತ್ತದೆ. ಇಲ್ಲಿಯವರೆಗೆ, ದೇವರ ಕೃಪೆಯಿಂದ, ಪ್ರತಿ ಸಲವೂ ಬಿದ್ದಿದೆ.